ಕಲ್ಯದ ನೀಲಿ ಕಲ್ಲು

ಬಾಲರಾಜುವಿನ ಆ ದಿನದ ಫಜೀತಿಗೆಲ್ಲ ಕಾರಣ ಒಂದೇ ಒಂದು ಅರ್ಜಿ. ರಾಮನಗರದ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಕೊನೇ ವರ್ಷ ಓದುತ್ತಿದ್ದ ಅವನು, ತನ್ನ ಪ್ರಬಂಧದ ವಿಷಯ ಯಾವುದು, ಮಾರ್ಗದರ್ಶಕರು ಯಾರು ಎಂದು ಅದರಲ್ಲಿ ಬರೆದು, ಅವರ ಸಹಿ ಹಾಕಿಸಿ, ಸಂಜೆ ನಾಲ್ಕರೊಳಗೆ ಕೊಡಬೇಕಿತ್ತು. ಜೊತೆಗೆ, ಆರಿಸಿಕೊಂಡ ಜಾಗದಿಂದ ಆಗತಾನೇ ಒಡೆದ ಮುಷ್ಟಿಗಾತ್ರದ ಒಂದು ಕಲ್ಲು. ಹಿಂದಿನ ವರ್ಷದ ಹುಡುಗರೆಲ್ಲ ಮುನಾವರ್‌ನ ಜೆರಾಕ್ಸ್ ಅಂಗಡಿಯಲ್ಲಿ ಹಳೇ ಪ್ರಬಂಧಗಳಿಗೆ ಹೊಸ ಹೆಸರು ಅಂಟಿಸಿ ಕೊಟ್ಟಿದ್ದರಿಂದ ಈ ವರ್ಷ ಬಂದ ಕಟ್ಟುಪಾಡು ಇದು. ನಾಲ್ಕು ಗಂಟೆ ದಾಟಿತೋ, ಒಂದು ವರ್ಷ ಮಣ್ಣುಪಾಲು.

ಬಾಲರಾಜು ಜೆರಾಕ್ಸ್ ಗಿರಾಕಿಯಲ್ಲ. ಅವನ ಊರು ಕಲ್ಯದಲ್ಲಿ ಅವರ ಹೊಲದ ಹಿಂದೆ ಒಂದು ಬಂಡೆ. ಅದರ ಬಿಳುಪನ್ನು ಸೀಳಿಕೊಂಡು ಈ ತುದಿಯಿಂದ ಆ ತುದಿಗೆ ಒಂದು ಕರಿ ಪಟ್ಟೆ. ಚಿಕ್ಕಂದಿನಲ್ಲಿ ಅದರ ಮೇಲೆ ರಾಗಿ ಹರವಿ ಕಾದವನು ಅವನು. ಈಗ ಪಕ್ಕದ ಗುಡ್ಡಕ್ಕೆ ಜಲ್ಲಿ ಕ್ರಷರ್ ಬಂದು ಕೂತಿತ್ತು. ಬಿಡದಿ ಕಡೆ ಏಳುತ್ತಿದ್ದ ಕಾರ್ಖಾನೆಗಳಿಗೆಲ್ಲ ಇಲ್ಲಿಂದಲೇ ಜಲ್ಲಿ. ಬಂಡೆ ಪುಡಿಯಾಗಿ ಲಾರಿ ಹತ್ತುವ ಮೊದಲು ಆ ಪಟ್ಟೆಯ ಬಗ್ಗೆ ತಾನು ನಾಲ್ಕು ಪುಟ ಬರೆದಿಡಲೇಬೇಕು ಅಂತ ಅವನಿಗೆ ಹಟ.

ಬೆಳಿಗ್ಗೆ ಆರಕ್ಕೇ ಸುತ್ತಿಗೆ ಹಿಡಿದು ಹೊರಟ. ಬೀದಿ ಕೊನೆಯಲ್ಲಿ ಸಿದ್ದಯ್ಯ ಹೊಸ ಮನೆ ಕಟ್ಟಿಸುತ್ತಿದ್ದ. ಎರಡೆಕರೆ ಕಾರ್ಖಾನೆಗೆ ಮಾರಿದ ಮೇಲೆ ಅವನಿಗೆ ಮನೆ ಕಟ್ಟಿಸುವುದು ಮತ್ತು ದಾರಿಹೋಕರನ್ನು ತಡೆಯುವುದು, ಇವೆರಡೇ ಕಸುಬು.

"ಲೇ ಬಾಲರಾಜ, ಸುತ್ಗೆ ಹಿಡ್ಕಂಡು ಎಲ್ಗ್ಲಾ? ಯಾವ್ ಕಂಪ್ನಿ ಸರ್ವೆ?"

"ಸರ್ವೆ ಅಲ್ಲ ಮಾವ. ಕಾಲೇಜ್ಗೆ ಒಂದು ಕಲ್ಲು ಬೇಕು."

"ಕಲ್ಲು ಕೇಳೋ ಕಾಲೇಜೂ ಐತೇನ್ಲಾ? ಯಾರಿಗೇಳೀಯೆ!"

ಎದುರುಮನೆ ಅಂಕಮ್ಮ ಕೊಡ ಇಳಿಸಿ ಓಡಿ ಬಂದಳು. "ನಿನ್ ದಮ್ಮಯ್ಯ ಕಣಪ್ಪಾ, ನಮ್ಮೊಲನ್ನ ಕಂಪ್ನಿಯೋರ್ಗೆ ಬರ್ಸ್ಬುಡಬ್ಯಾಡ!"

ಅವಳ ಹೊಲ ಎಲ್ಲೂ ಹೋಗುವುದಿಲ್ಲ ಎಂದು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಸಿದ್ದಯ್ಯ ಒಳಗಿಂದ ಒಂದು ತೆಂಗಿನಕಾಯಿ ತಂದಿದ್ದ.

"ಹೆಂಗೂ ಭೂಮಿ ವಿದ್ಯೆ ಓದೀಯೆ. ಹಿತ್ಲಾಗೆ ಬೋರ್ ಪಾಯಿಂಟ್ ಒಸಿ ತೋರ್ಸ್ಬುಟ್ಟು ಹೋಗು."

"ಮಾವ, ನಾವು ಅದನ್ನ ಓದಲ್ಲ."

"ಮೂರು ವರ್ಸ ಮತ್ತೇನ್ ಓದ್ದೆ? ಹಿಡ್ಕಳ್ಲಾ!"

ಮೂರು ವರ್ಷ ಓದಿದವನು ಅಂಗೈ ಮೇಲೆ ಕಾಯಿ ಇಟ್ಟುಕೊಂಡು ಹಿತ್ತಲೆಲ್ಲ ಸುತ್ತಿದ. ಕಾಯಿ ಎದ್ದು ನಿಂತ ಕಡೆ ನೀರಂತೆ! ಇದಕ್ಕೆ ಕಾಲೇಜು ಬೇರೆ ಕೇಡು ಎಂದು ಹಲ್ಲು ಕಡಿಯುತ್ತಿದ್ದಾಗ, ರಾಮನಗರಕ್ಕೆ ಬೆಳಿಗ್ಗೆ ಇದ್ದ ಒಂದೇ ಬಸ್ಸಿನ ಹಾರನ್ ಕೇಳಿಸಿತು. ಬೆಚ್ಚಿಬಿದ್ದು ತಿರುಗಿದ್ದಕ್ಕೆ ಕಾಯಿ ಕೆಳಗುರುಳಿತು. "ಸಿಕ್ತು ಕಣ್ಲಾ, ಇಲ್ಲೇ ನೀರು!" ಎಂದು ಸಿದ್ದಯ್ಯ ಅಲ್ಲೇ ಗೂಟ ಹೊಡೆದ.

ಇನ್ನು ಬಂಡೆಗೆ ಹೋಗುವ ಮಾತೆಲ್ಲಿ? ಸಿದ್ದಯ್ಯನ ಮನೆ ಮುಂದೆ ಒಂದು ಕಲ್ಲಿನ ರಾಶಿ ಬಿದ್ದಿತ್ತು, ಮೇಲೆಲ್ಲ ಬೂದಿಯಂಥ ದೂಳು. ಊರಲ್ಲಿ ಮನೆ ಕಟ್ಟುವವರೆಲ್ಲ ಆ ಬಂಡೆಯ ಕಲ್ಲನ್ನೇ ತರಿಸುತ್ತಿದ್ದುದು. ಇದೂ ಅದೇ ಇರಬೇಕೆಂದು ಮುಷ್ಟಿಗಾತ್ರದ ಒಂದು ಚೂರನ್ನು ಚೀಲಕ್ಕೆ ತುರುಕಿ ಬಸ್ಸಿಗೆ ಜೋತುಬಿದ್ದ.

ಕಾಲೇಜಿನಲ್ಲಿ ಇಬ್ಬರು ಮಾರ್ಗದರ್ಶಕರು: ಜಯಕುಮಾರ್ ಸಾರ್ ಮತ್ತು ಲತಾಮಣಿ ಮೇಡಂ. ಹತ್ತು ವರ್ಷದಿಂದ ಮಾತಿಲ್ಲ. ಸುತ್ತಮುತ್ತಲ ಗುಡ್ಡ ಬೆಟ್ಟಗಳನ್ನು ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಂತೆ ಹಂಚಿಕೊಂಡಿದ್ದರು. ಒಬ್ಬರ ಗುಡ್ಡಕ್ಕೆ ಇನ್ನೊಬ್ಬರ ಶಿಷ್ಯ ಕಾಲಿಡುವಂತಿರಲಿಲ್ಲ.

ಜಯಕುಮಾರ್ ಅರ್ಜಿ ಓದಿ ಹಿಂದಕ್ಕೆ ತಳ್ಳಿದರು. "ಕಲ್ಯ ಸಾವನದುರ್ಗದ ಕಡೆ ಬರುತ್ತಲ್ಲಯ್ಯ. ಸಾವನದುರ್ಗ ಅವರದ್ದು. ಅಲ್ಲಿ ನಾನು ಕೈ ಹಾಕಲ್ಲ."

ಲತಾಮಣಿಯವರೂ ಓದಿದರು. "ಕರಿ ಪಟ್ಟೆ ಅಂತ ಬರೆದಿದ್ದೀಯಲ್ಲಪ್ಪ. ಕರಿಕಲ್ಲೆಲ್ಲ ಅವರದ್ದು. ಅವರ ಹತ್ರಾನೇ ಹೋಗು."

ಜಾಗದಿಂದ ಇವರಿಗೆ, ಬಣ್ಣದಿಂದ ಅವರಿಗೆ! ಬಾಲರಾಜು ಆ ಕೋಣೆಯಿಂದ ಈ ಕೋಣೆಗೆ ಐದು ಸಲ ಅಲೆದ. ಮಧ್ಯಾಹ್ನದ ಊಟಕ್ಕೂ ಹೋಗಲಿಲ್ಲ. ಬೇರೆ ಹುಡುಗರು ಜೆರಾಕ್ಸ್ ಮಾಡಿಸಲು ಅನುಕೂಲವಾದ ವಿಷಯಗಳಿಗೆ ನಗುನಗುತ್ತಾ ಸಹಿ ಹಾಕಿಸಿಕೊಂಡು ಹೋದರು. ನಿಜವಾಗಿ ಕೆಲಸ ಮಾಡುತ್ತೇನೆ ಅಂದವನಿಗೆ ಮಾತ್ರ ಜಾಗವಿಲ್ಲ. ಮೂರೂಕಾಲಿಗೆ ಅವನ ತಾಳ್ಮೆ ಕಟ್ಟೆಯೊಡೆಯಿತು. ಲತಾಮಣಿಯವರ ಮೇಜಿನ ಮೇಲೆ ಕಲ್ಲನ್ನು ಧಡ್ ಎಂದು ಇಟ್ಟ.

"ಈ ಕಲ್ಲು ಯಾರ್ದು ಅಂತ ನೀವಿಬ್ರೇ ತೀರ್ಮಾನ ಮಾಡ್ಕೊಳಿ ಮೇಡಂ! ನನ್ನ ಕೈಲಾಗಲ್ಲ!"

ಚೀಲದಲ್ಲಿ ನೀರಿನ ಬಾಟಲಿ ಸೋರಿ ಕಲ್ಲಿನ ದೂಳೆಲ್ಲ ತೊಳೆದುಹೋಗಿತ್ತು. ಕಿಟಕಿಯ ಬಿಸಿಲು ಬಿದ್ದದ್ದೇ ತಡ, ಅದು ನವಿಲಿನ ಕತ್ತಿನಂತೆ ನೀಲಿಯಾಗಿ ಮಿನುಗಿತು. ಬೈಯಲು ಬಾಯಿ ತೆರೆದ ಮೇಡಂ ಕಲ್ಲಿನ ಮೇಲೆ ಬಗ್ಗಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇದು ಎಲ್ಲಿ ಸಿಕ್ತು?"

"ಕಲ್ಯದಲ್ಲೇ ಮೇಡಂ. ಆದ್ರೆ..."

"ಆದ್ರೆ ಗೀದ್ರೆ ಬಿಡು. ಅರ್ಜಿ ಕೊಡಿಲ್ಲಿ."

ಧಡ್ ಎಂದ ಸದ್ದಿಗೆ ಬಾಗಿಲಲ್ಲಿ ಇಣುಕಿದ್ದ ಜಯಕುಮಾರ್ ಎರಡೇ ಹೆಜ್ಜೆಯಲ್ಲಿ ಒಳಗಿದ್ದರು. "ಹುಡುಗ ಬೆಳಿಗ್ಗೆನೇ ನನ್ನ ಹತ್ರ ಬಂದಿದ್ದ. ಇವನು ನನ್ನ ವಿದ್ಯಾರ್ಥಿ."

"ಅಟ್ಟಿದ್ದು ಯಾರು ಹಾಗಾದ್ರೆ? ಕಲ್ಯ ನನ್ನ ಕಡೆ ಬರೋದು!"

"ಕಲ್ಲಿನ ಬಣ್ಣ ನೋಡ್ರಿ, ಅರ್ಧ ಕರಿ ಐತೆ!" ಜಯಕುಮಾರ್‌ಗೆ ಸಿಟ್ಟು ಬಂದಾಗ ಮಾತು ತಾನಾಗೇ ಊರ ಕಡೆ ತಿರುಗುತ್ತಿತ್ತು.

ಜಗಳ ಕಾರಿಡಾರಿಗೆ ಹಬ್ಬಿ, ವಿಭಾಗದ ಮುಖ್ಯಸ್ಥ ಫಕ್ರುದ್ದೀನ್ ಸಾಹೇಬರು ಓಡಿ ಬಂದರು. ನಿವೃತ್ತಿಗೆ ಎರಡು ತಿಂಗಳಿದ್ದ ಅವರಿಗೆ ಬೇಕಾಗಿದ್ದುದು ಶಾಂತಿಯೊಂದೇ. ಕಲ್ಲು ನೋಡಿ ಅವರೂ ಕಣ್ಣರಳಿಸಿದರು. "ಇಂಥದು ನಮ್ಮ ಜಿಲ್ಲೆಯಲ್ಲೇ ಕಂಡಿಲ್ಲ. ಇಬ್ಬರೂ ಸಹಿ ಹಾಕಿ. ಇಬ್ಬರೂ ಮಾರ್ಗದರ್ಶಕರು" ಎಂದು ತೀರ್ಪು ಕೊಟ್ಟರು.

ಇಬ್ಬರೂ ಸೇರಿ ಬಾಲರಾಜುವಿನ ಕರಿ ಪಟ್ಟೆಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, 'ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಪ್ರಥಮ ಬಾರಿಗೆ ಪತ್ತೆಯಾದ ನೀಲಿ ಹೊಳಪಿನ ಶಿಲೆ' ಎಂದು ಬರೆದರು. ಬಾಲರಾಜು ಅರ್ಜಿಗೆ ಅಡ್ಡ ಕೈ ಚಾಚಿದ.

"ಸಾರ್, ನನ್ನ ವಿಷಯ ಬೇರೆ. ಈ ಕಲ್ಲನ್ನ ನಾನು ಬಂಡೆಯಿಂದ ಒಡೀಲಿಲ್ಲ. ಮನೆ ಮುಂದಿನ ರಾಶಿಯಿಂದ ತಂದಿದ್ದು."

"ರಾಶಿ ಎಲ್ಲಿಂದ ಬರುತ್ತಯ್ಯ? ಬಂಡೆಯಿಂದ ತಾನೆ?" ಎಂದರು ಜಯಕುಮಾರ್.

"ತರ್ಕ ಸರಿಯಾಗಿದೆ" ಎಂದರು ಲತಾಮಣಿ. ಹತ್ತು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮೊಹರು ಬಿತ್ತು. ನೋಂದಾಯಿಸಿದ ವಿಷಯ ಇನ್ನು ಬದಲಾಗುವಂತಿಲ್ಲ. ನಾಳೆ ಒಂಬತ್ತಕ್ಕೆ ಇಬ್ಬರೂ ಕಾಲೇಜು ವ್ಯಾನಿನಲ್ಲಿ ಬಂದು ಬಂಡೆ ನೋಡುತ್ತಾರಂತೆ.

ವರ್ಷವಂತೂ ಉಳಿಯಿತು, ಬಂಡೆಯಲ್ಲಿ ನೀಲಿ ಕಲ್ಲೂ ಇದ್ದರೆ ಇದ್ದೀತು ಎಂದು ತನಗೇ ಸಮಾಧಾನ ಹೇಳಿಕೊಳ್ಳುತ್ತಾ ಬಾಲರಾಜು ಕಲ್ಯದಲ್ಲಿ ಇಳಿದ. ನೇರ ಸಿದ್ದಯ್ಯನ ಬಳಿಗೆ ಹೋದ.

"ಮಾವ, ಈ ರಾಶಿ ನಮ್ಮ ಬಂಡೇದೇ ಅಲ್ವಾ? ಯಾವ ಮೂಲೇಲಿ ಒಡ್ಸಿದ್ದು?"

"ಬಂಡೇದಾ? ಥೂ, ನಮ್ಮ ಬಂಡೆ ಕಲ್ಲು ಯಾರಿಗ್ಲಾ ಬೇಕು? ನಮ್ಮಳಿಯ ಬಿಡದಿ ತಾವ ಕಲ್ಲು ಪಾಲಿಶ್ ಮಾಡೋ ಕಾರ್ಖಾನೇಲವ್ನೆ. ಕುಯ್ದು ಮಿಕ್ಕಿದ್ ಚೂರ್ನ ಅಲ್ಲಿ ಬಿಸಾಕ್ತರೆ. ದ್ಯಾವ್ರ ಮನೆ ನೆಲಕ್ಕಾಯ್ತದೆ ಅಂತ ಟೆಂಪೋದಾಗೆ ತಂದಾಕ್ದ. ಅದೇನೋ ನಾರ್ವೆ ಅಂತೆ, ಅಲ್ಲಿಂದ ಹಡಗ್ನಾಗೆ ಬತ್ತದಂತೆ. ಅದೆಲ್ ಬತ್ತದ್ಲಾ, ಕುಣಿಗಲ್ ದಾಟ್ಕಂಡಾ?"

ಬಾಲರಾಜುವಿಗೆ ಕುಣಿಗಲ್ಲೂ ಕಾಣಲಿಲ್ಲ, ಕಣ್ಣೂ ಕಾಣಲಿಲ್ಲ. ಕೆಂಪಯ್ಯನ ಅಂಗಡಿಯ ಕಾಯಿನ್ ಫೋನಿಗೆ ಓಡಿ ಜಯಕುಮಾರ್‌ಗೆ ಮಾಡಿದ. ಇದ್ದದ್ದನ್ನು ಇದ್ದಂತೆ ಒಂದೇ ಉಸಿರಿಗೆ ಹೇಳಿದ.

ಆ ಕಡೆಯಿಂದ ನಗು ಕೇಳಿಸಿತು. "ಹೀಗೆ ಹೇಳು ಅಂತ ಲತಾಮಣಿ ಮೇಡಂ ಹೇಳಿಕೊಟ್ಟರಾ? ನಾನು ಬರದೇ ಇದ್ದರೆ ಅವರೊಬ್ಬರೇ ಹೆಸರು ಹೊಡ್ಕೋಬಹುದು ಅಂತ! ನಾನಂತೂ ಎಂಟಕ್ಕೇ ಬರ್ತೀನಿ ಕಣಯ್ಯ."

ಇನ್ನೊಂದು ರೂಪಾಯಿ ಹಾಕಿ ಲತಾಮಣಿಯವರಿಗೆ ಮಾಡಿದ.

"ನಾರ್ವೇನಾ?" ಎಂದರು ಮೇಡಂ ತಣ್ಣಗೆ. "ಜಯಕುಮಾರ್ ಬುದ್ಧಿ ನಂಗೆ ಗೊತ್ತಿಲ್ವಾ? ನನ್ನ ದೂರ ಇಡೋಕೆ ನಿನ್ನ ಬಾಯಲ್ಲಿ ಈ ಕತೆ ಹೇಳಿಸ್ತಿದ್ದಾರೆ. ನಾನು ಏಳೂವರೆಗೇ ಬರ್ತೀನಿ."

"ದೇವರಾಣೆ ನಿಜ ಮೇಡಂ! ನಾಳೆ ನಾನು ಏನು ತೋರಿಸ್ಲಿ?"

"ಬಂಡೆ ತೋರಿಸು, ಇನ್ನೇನು? ಅಂದ ಹಾಗೆ ನನಗೆ ಮಂಡಿ ನೋವು. ರಸ್ತೆಯಿಂದ ಆ ಬಂಡೆಗೆ ಎಷ್ಟು ದೂರ ನಡೀಬೇಕು?"

ಬಾಲರಾಜು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದ.

"ನಡೆಯೋದು ಒಸೀನೇ ಮೇಡಂ!" ಎಂದು ಅಂಗಡಿ ಹಾರಿಹೋಗುವಂತೆ ಕೂಗಿದ. "ಅದಕ್ಕೆ ಮುಂಚೆ ಹಡಗು ಹತ್ತಬೇಕು!"

"ಹಾಗಾದ್ರೆ ಪರವಾಗಿಲ್ಲ, ನಡೀತೀನಿ" ಎಂದು ಮೇಡಂ ಮೊದಲ ಅರ್ಧ ಕೇಳಿಯೇ ಫೋನ್ ಇಟ್ಟಿದ್ದರು.