ಅಣ್ಣನ ರಾಣಿ ಕಾಲದ ಮೆಟ್ಟಿಲು

ನಮ್ಮಣ್ಣನ ಪಕ್ಕ ಊಟಕ್ಕೆ ಕೂತರೆ ನಿಮ್ಮ ತಟ್ಟೆಯ ಮುದ್ದೆ ನಿಮ್ಮದೇ ಎಂದು ನಂಬಬೇಡಿ! ಅವನಿಗೆ ಅದು ತಿನ್ನುವುದಕ್ಕಲ್ಲ, ಅಳತೆಗೆ.

ಅಣ್ಣ ನಂಜನಗೂಡಿನ ಹತ್ತಿರ ಕಳಲೆಯಲ್ಲಿ ಮರಗೆಲಸ ಮಾಡುತ್ತಾನೆ. ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ನೆಟ್ಟಗಿದ್ದವನು ಒಮ್ಮೆ ಮೈಸೂರಿನ ಯಾವುದೋ ಹಳೇ ಬಂಗಲೆಗೆ ಮೆಟ್ಟಿಲು ರಿಪೇರಿಗೆ ಹೋದ. ವಿಕ್ಟೋರಿಯಾ ರಾಣಿ ಕಾಲದ ಮರದ ಮೆಟ್ಟಿಲಂತೆ. ಅದನ್ನು ನೋಡಿ ಬಂದ ಮೇಲೆ ಮನುಷ್ಯರ ಮುಖ ನೋಡುವುದನ್ನೇ ಬಿಟ್ಟ. ಯಾರ ಮನೆಗೆ ಹೋದರೂ ಮೊದಲು ಮೆಟ್ಟಿಲಿನ ಯೋಗಕ್ಷೇಮ! ಹೆಡತಲೆ ಊರಿನಲ್ಲಿ ನೆಂಟರೊಬ್ಬರು ತೀರಿಕೊಂಡಾಗ, ಅಳುವವರ ನಡುವೆ ರೇಲಿಂಗ್ ಸವರುತ್ತಾ ನಿಂತು, "ಇದು ಇನ್ನಾರು ತಿಂಗ್ಳೂ ಬಾಳಲ್ಲ" ಎಂದ. ಪಕ್ಕದಲ್ಲಿದ್ದ ಕಾಯಿಲೆ ಅಜ್ಜಿ ಅಲ್ಲೇ ಕುಸಿದು ಕೂತರು!

ತಿ. ನರಸೀಪುರದ ನನ್ನ ಗಂಡನ ಮನೆಗೆ ಮಹಡಿ ಹಾಕಿಸಿದಾಗ ಅಣ್ಣ ಬಂದೇಬಿಟ್ಟ. ಲಗ್ನಪತ್ರಿಕೆಯ ಹಿಂದೆ ಮೂರು ಡಿಸೈನ್. ಒಂದರಲ್ಲಿ ಕಡೆದ ಕಂಬಗಳ ಸಾಲು, ಒಂದರಲ್ಲಿ ಬಸವನಹುಳುವಿನಂತೆ ಸುತ್ತಿಕೊಂಡ ರೇಲಿಂಗಿನ ತುದಿ, ಇನ್ನೊಂದರಲ್ಲಿ ಕೆಳಕ್ಕೆ ಬಂದಂತೆ ಅಗಲವಾಗುವ ಮೆಟ್ಟಿಲು.

"ಸ್ಟೀಲ್ ಕಂಬಿ ಸಾಲ್ದಾ ಕಣಪ್ಪಾ? ಇದ್ರಲ್ಲಿ ಯಾರು ಇಳೀಬೇಕು?" ನಮ್ಮತ್ತೆ ಕೇಳಿದರು.

"ನೀವೇ ಕಣತ್ತೆ, ರಾಣಿ ಥರ!"

"ಇಳುದ್ರೆ ನೆಟ್ಗೆ ಫ್ರಿಜ್ಜಿನೊಳಕ್ಕೇ ಓಯ್ತೀನಿ!"

ನಿಜ, ನಮ್ಮ ಹಾಲ್ ಅಷ್ಟೇ ಇತ್ತು. ಕೊನೆಗೆ ಮೊದಲೆರಡು ಡಿಸೈನ್ ಸೇರಿಸುವುದೆಂದಾಯಿತು.

ಅವತ್ತು ಊಟದಲ್ಲಿ ಅಣ್ಣ ಮುದ್ದೆಯನ್ನು ಕೋಲಿನಂತೆ ಹೊಸೆದು ಎಲ್ಲರ ಕೈಗೂ ಕೊಟ್ಟ. "ಗಟ್ಟಿಯಾಗಿ ಇಡ್ಕಂಡು ಬುಡಿ. ಯಾರ ಕೈಗೆ ರೇಲಿಂಗು ಎಷ್ಟು ದಪ್ಪ ಬೇಕು ಅಂತ ಗೊತ್ತಾಯ್ತದೆ." ಬೆರಳಚ್ಚು ಬಿದ್ದ ನಾಲ್ಕು ಮುದ್ದೆಗಳು ಕಿಟಕಿಯಲ್ಲಿ ಒಣಗಿದವು. ಅತ್ತೆಯದನ್ನು ಕಾಗೆ ಕಚ್ಚಿಕೊಂಡು ಹೋಯಿತು.

"ಬದುಕಿರೋವಾಗ್ಲೇ ನಂಗೆ ಪಿಂಡ ಇಡಿಸ್ಬುಟ್ಯಲ್ಲಪ್ಪಾ!" ಎಂದು ಅತ್ತೆ ಎರಡು ದಿನ ಅವನೊಂದಿಗೆ ಮಾತು ಬಿಟ್ಟರು.

ನಗು ಬಂತೆ? ನಾನೂ ನಗುತ್ತಿದ್ದೆ. ಈಗ ನಗಲು ನನಗೆ ಮುಖವಿಲ್ಲ.

ಮೆಟ್ಟಿಲು ಮಾತ್ರ ಚಿನ್ನದಂತಾಯಿತು. ಮಹಡಿ ಪೂಜೆಯ ದಿನ, ಆಗಷ್ಟೇ ಎದುರು ಮನೆಗೆ ಬಂದಿದ್ದ ಮೇಷ್ಟ್ರ ಹೆಂಡತಿ ರೇಲಿಂಗ್ ಹಿಡಿದು ಬೆರಗಾದರು. "ಎಲ್ಲಿ ಮಾಡಿಸಿದ್ರಿ?" ಅಣ್ಣ ಅಲ್ಲೇ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ತೂತು ಬನಿಯನ್ನಿನಲ್ಲಿ ಸಾರು ಬಡಿಸುತ್ತಿದ್ದ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆಕೆಯ ಮುಂದೆ ದೊಡ್ಡವಳಾಗುವ ಚಪಲ.

"ಮೈಸೂರು ಶೋರೂಮಿಂದು ಕಣ್ರೀ. ರೆಡಿಮೇಡ್!"

ಅಣ್ಣನ ಸೌಟು ಅರೆಗಳಿಗೆ ನಿಂತಿತು. "ಸಾರು ಬೇಕಾ ಮೇಡಂ?" ಎಂದು, ರೇಲಿಂಗನ್ನೇ ನೋಡುತ್ತಿದ್ದ ಆಕೆಯನ್ನು ಕೇಳಿ, ಮುಂದಿನ ಎಲೆಗೆ ಹೋದ.

ಆಕೆ ಬಿಡಬೇಕಲ್ಲ! ದಿನವೂ ಶೋರೂಮಿನ ವಿಳಾಸ ಕೇಳುವುದೇ. ಮುಚ್ಚಿದೆ ಎಂದೆ. ಬೇರೆ ಕಡೆ ಹೋಯಿತು ಎಂದೆ. ಓನರ್ ಕಾಶಿಗೆ ಹೋಗಿದ್ದಾನೆ ಎಂದೂ ಹೇಳಿದೆ! ಸುಳ್ಳುಗಳೆಲ್ಲ ಖಾಲಿಯಾದ ಮೇಲೆ, "ಕಳಲೇಲಿ ಒಬ್ಬ ಬಡಗಿ ಅವ್ನೆ, ಅದೇ ಥರ ಮಾಡ್ತಾನೆ" ಎಂದು ಆಕೆಯನ್ನು ನಂಜನಗೂಡು ಬಸ್ಸು ಹತ್ತಿಸಿ ನಾನೂ ಹತ್ತಿದೆ. ಒಬ್ಬ ಬಡಗಿ! ಆಗಲೂ ಬಾಯಿಗೆ ಅಣ್ಣ ಎಂಬ ಮಾತು ಬರಲಿಲ್ಲ.

ಕಳಲೆಯ ಶೆಡ್ಡಿನಲ್ಲಿ ಹಲಗೆ ನಯ ಮಾಡುತ್ತಿದ್ದ ಅಣ್ಣ ಉಜ್ಜುಗೊರಡು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದ. ನನ್ನನ್ನು ಕರೆಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಕೈ ಮುಗಿದ.

"ಬನ್ನಿ ಮೇಡಂ" ಎಂದ ಆಕೆಗೆ. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಬನ್ನಿ ಮೇಡಂ. ಯಾವೂರಿಂದ ಬಂದ್ರಿ?"

ಸುಳ್ಳು ಹೇಳಿದವಳು ನಾನು. ಅದನ್ನು ಜೋಪಾನ ಮಾಡುತ್ತಿದ್ದವನು ಅವನು!

"ಇವ್ನು ನಮ್ಮಣ್ಣ ಕಣ್ರೀ" ಎಂದೆ. "ನಮ್ಮನೆ ಮೆಟ್ಲು ಇವ್ನೇ ಮಾಡಿದ್ದು. ಶೋರೂಮೂ ಇಲ್ಲ, ಏನೂ ಇಲ್ಲ."

ಮೇಷ್ಟ್ರ ಹೆಂಡತಿಯ ಮುಖ ಹೇಗಾಯಿತೋ, ನಾನು ನೋಡಲಿಲ್ಲ. ಅಣ್ಣ ಟವೆಲಿನಿಂದ ಸ್ಟೂಲಿನ ಮೇಲಿನ ಮರದ ಪುಡಿ ಕೊಡವಿ, ಸ್ಟೂಲನ್ನು ನನ್ನತ್ತ ತಳ್ಳಿದ.

"ಕುಂತ್ಕಳಮ್ಮಿ" ಎಂದ. "ಬಸ್ಸಲ್ಲಿ ಸೀಟ್ ಸಿಕ್ತಾ?"