ಗೂಟಕ್ಕ ತೂಗಿದ ಮೊಸಳಿ

ಬಾರವಾ, ಇಲ್ಲೆ ಗ್ವಾಡಿಗೆ ಬೆನ್ನು ಹಚ್ಚಿ ಕೂಡು. ನಿನ್ನ ಆ ದೊಡ್ಡ ಚೀಲಾ ಬಾಜೂಕ ಇಡು. ಎಷ್ಟು ಕೊಟ್ಟಿ ಅಂತ ಕೇಳೂದಿಲ್ಲ, ಹೆದರಬ್ಯಾಡ. ಚೀಲಾ ನೋಡಿ ಹೆಣ್ಣುಮಕ್ಕಳ ಗುಣಾ ಹೇಳೂ ಮಂದಿ ಎಲ್ಲಾ ಕಾಲಕ್ಕೂ ಇರತಾರ, ಎಲ್ಲಾ ಕಾಲಕ್ಕೂ ಮೋಸಾ ಹೋಗತಾರ. ನನಗ ಅಕ್ಷರ ಬರೂದಿಲ್ಲ. ಆದ್ರ ಕಣ್ಣು ಮುಚ್ಚಿದ್ರ ಸಾಕು, ಬೈಕುಲ್ಲಾದ ನಮ್ಮ ಚಾಳಿನ ಉದ್ದಾನ ವರಾಂಡಾ ಗಿರಣಿ ಹೊಗಿಯೊಳಗ ತೇಲಿಕೋತ ಬರತದ. ಒಣಗಹಾಕಿದ ಸೀರಿ, ಪಾರಿವಾಳ, ಮತ್ತ ಗೂಟಕ್ಕ ತೂಗೂ ಒಂದು ಮೊಸಳಿ.

ಮೊಸಳಿ ಬಂತು

ನಮ್ಮ ಬಾಜೂ ಖೋಲಿಯವರು ಬೆಳಗಾವಿ ಕಡೆಯವರು. ಮಗಳು ಫೋರ್ಟ್ ಭಾಗದ ಸಾಹೇಬರ ಆಫೀಸಿನೊಳಗ ಟೈಪಿಸ್ಟ್. ಅಪ್ಪಗ ದಮ್ಮಿನ ಬ್ಯಾನಿ. ಮನಿ ನಡಿಯೂದು ಆಕಿ ಪಗಾರದ ಮ್ಯಾಲೆ. ಆಫೀಸಿನ ಮೇಮಸಾಬ ವಿಲಾಯತಿಗೆ ಹೊಂಡೂ ಮುಂದ ತನ್ನ ಮೊಸಳಿ ಚರ್ಮದ ಚೀಲಾ ಇಕಿ ಕೈಯಾಗಿಟ್ಟು ಹೋದ್ಲು. ಪ್ಯಾರಿಸ್ಸಿನ ದೊಡ್ಡ ಅಂಗಡೀದಂತ. ಬೆಳಕಿಗೆ ಹಿಡಿದ್ರ ಹೊಳಿ ನೀರಿನ್ಹಂಗ ಮಿನಗತಿತ್ತು.

ಹುಡುಗಿ ಅಜ್ಜಿ ಭಾಳ ಮಡಿಯಾಕಿ. "ಸತ್ತ ಮೊಸಳಿ ನನ್ನ ಹೊಸ್ತಿಲಾ ದಾಟಬಾರದು!" ಅಂದ್ಲು. ಅದಕ್ಕ ಚೀಲಾ ಬಾಗಿಲಾಚೆ ಗೂಟಕ್ಕ ತೂಗತಿತ್ತು. ಕನ್ಯಾ ನೋಡಲಿಕ್ಕೆ ಬಂದವರು ಮೊದಲು ಗೂಟಾ ನೋಡತಿದ್ರು, ಆಮ್ಯಾಲೆ ಹುಡುಗಿನ್ನ. "ಸೊಕ್ಕಿನ ಹುಡುಗಿ" ಅಂತ ಅವಲಕ್ಕಿ ತಿಂದು ಹೋಗಿಬಿಡತಿದ್ರು.

ಒಳಗೇನದ ಅಂತ ನಾ ಒಂದಿನಾ ಕೇಳಿದೆ. ತಗದು ತೋರಿಸಿದ್ಲು: ಅರಿವಿಯೊಳಗ ಸುತ್ತಿದ ಭಕ್ಕರಿ, ಶೇಂಗಾ ಚಟ್ನಿ. "ಅಜ್ಜಿಗೆ ಹೇಳಬ್ಯಾಡ್ರಿ ಮೌಶಿ," ಅಂದ್ಲು.

ಅಜ್ಜಿಗೆ ಗೊತ್ತೇ ಇತ್ತು. ಏಕಾದಶಿ ಬಂದ್ರ ಗೂಟಕ್ಕ ಬೊಟ್ಟು ಮಾಡಿ, "ಇವತ್ತೊಂದಿನಾ ಅದೂ ಉಪವಾಸ ಇರಲಿ," ಅಂತಿದ್ಲು.

ಟಪ್

ಕೆಳಗ ಹೋಟೆಲಿನವರ ಹೆಂಡತಿ, ಉಡುಪಿ ಕಡೆಯಾಕಿ. ಆಕೀದು ಬೆಳ್ಳನ ಚೀಲಾ. ಬಂಗಾರಬಣ್ಣದ ಚಿಲಕಾ ತಗದ್ರ ಪಟಾಕಿ ಹಾರಿಧಂಗ ಸಪ್ಪಳ. ಭಾಳ ಠೀವಿ ಹೆಂಗಸು ಅಂತ ನಾವೆಲ್ಲಾ ದೂರ ನಿಲ್ಲತಿದ್ದಿವಿ.

ಒಮ್ಮೆ ಹರಿಕಥಿಯೊಳಗ ತಾಯಿ ಮಗನ್ನ ಕಾಡಿಗೆ ಕಳಸಲಿಕತ್ತಾಳ. ನಾವೆಲ್ಲಾ ಸೆರಗಿಲೆ ಕಣ್ಣು ಒರಸಲಿಕತ್ತೇವಿ. ಟಪ್! ಆಕಿ ಒಂದು ಅಡಿಕಿ ತಗೊಂಡ್ಲು. ಮತ್ತ ಟಪ್!

ದಾಸರು ತಾಳಾ ನಿಲ್ಲಿಸಿದ್ರು. "ತಾಯಿ, ಈ ಕೂಸು ಕಾಡು ಮುಟ್ಟೂತನಕಾ ಚೀಲಾ ಮುಚ್ಚಿರ್ರಿ."

"ಅಯ್ಯೋ, ನಿಮಗೂ ಅಡಿಕೆ ಬೇಕಿತ್ತಾ ದಾಸರೇ? ಮೊದಲೇ ಹೇಳುವುದಲ್ವಾ ಮಾರಾಯ್ರೆ!"

ಬೊರಿವಲಿ ಸಂಬಂಧ

ಆ ಅಡಿಕಿ ತಿನ್ನೂ ಹೋಟೆಲಿನಾಕೀನ ಬೊರಿವಲಿಯಿಂದ ಒಂದು ಸಂಬಂಧಾ ತಂದ್ಲು. ಚಲೋ ಹುಡುಗ. ಹುಡುಗಿ ಅಪ್ಪ ದಮ್ಮು ಹಿಡಕೋತ ಅಂದ್ರು, "ಇದೂ ತಪ್ಪಿತಂದ್ರ ಇಕಿ ಮದಿವಿ ಅಕ್ಕಿಕಾಳು ನಾ ನೋಡೂದಿಲ್ಲ." ನಾನೇ ಅವಲಕ್ಕಿ ಕಲಸಿದೆ. ಎಲ್ಲಾ ನೆನಪಿಟ್ಟಿವಿ, ಗೂಟದ ಚೀಲಾ ತಗಿಯೂದೊಂದು ಮರತಿವಿ.

ವರನ ತಾಯಿ ಮೊಣಕಾಲ ಮ್ಯಾಲೆ ಮಿಂಚೂ ಕರೀ ಚೀಲಾ ಇಟಗೊಂಡು ಕೂತ್ಲು. "ಇಂಥಾ ಮೊಸಳಿ ಹಿಡಿಯೂ ಹುಡುಗಿ ನಮ್ಮನ್ನೆಲ್ಲಾ ನುಂಗತಾಳ್ರಿ. ಚೀಲಾ ನೋಡಿದ್ರ ಮನಶ್ಯಾ ತಿಳೀತದ," ಅಂತ ಎದ್ದೇಬಿಟ್ಲು. ಅಪ್ಪನ ಮಾರಿ ಬೂದಿ ಆತು.

ವಾಪಸ್ ತಿಕೀಟು ನೋಡಬೇಕಂತ ವರನ ತಾಯಿ ತನ್ನ ಚೀಲದ ಚಿಲಕಾ ಎಳದ್ಲು. ಬರವಲ್ದು. ಮಗಾ ಎಳದಾ. ಬರವಲ್ದು. ನಮ್ಮ ಹುಡುಗಿ ಸುಮ್ಮನ ಬಂದು ಎರಡು ಬೆರಳಿಲೆ ಒತ್ತಿದ್ಲು. ಬಾಯಿ ತೆರೀತು. ಒಳಗಿಂದ ಜಾರಿ ಅವಲಕ್ಕಿ ತಾಟಿನ ಬಾಜೂಕ ಬಿತ್ತು: ಹಲ್ಲಿನ ಸೆಟ್ಟು! ಗುಲಾಬಿ ವಸಡು, ಪೂರಾ ಸಾಲು, ನಕ್ಕೋತ.

ಅಜ್ಜಿ ಬಗ್ಗಿ ನೋಡಿ ಕೇಳಿದ್ಲು, "ಇವರದೂ ಮೊಸಳೀನ ಏನು?"

ವರನ ತಾಯಿ ಕುಸದು ಕೂತ್ಲು. "ನಮ್ಮ ಬಿಲ್ಡಿಂಗಿನ ಮಾಸ್ತರರವು. ಚೀಲಾ ಅವರ ಹೆಂಡತೀದು. ನಿಮ್ಮೆದುರು ಛಂದ ಕಾಣಲಿ ಅಂತ ಇಸಗೊಂಡು ಬಂದೆ."

ನಮ್ಮ ಹುಡುಗಿ ನಗಲಿಲ್ಲ. "ಹಂಗಾರ ಅವರು ಊಟಾ ಹ್ಯಾಂಗ ಮಾಡ್ಯಾರು?" ಅಂದ್ಲು.

"ಸಂಜೀಕೆ ಅವರಿಗೆ ಮದಿವಿ ಊಟ ಅದವಾ!"

ಹುಡುಗಿ ಹಲ್ಲು ಸ್ವಚ್ಛ ಅರಿವಿಯೊಳಗ ಸುತ್ತಿ ಮೊಸಳಿಯೊಳಗಿಟ್ಲು. "ನಡೀರಿ, ದಾದರದಾಗ ಗಾಡಿ ಬದಲಿಸಿದ್ರ ಊಟಕ್ಕ ಮುಂಚೆ ಮುಟ್ಟತೀವಿ." ಜೋಡಿಗೆ ನಾನೂ ಹೋದೆ. ಗಾಡಿ ಮಾಹೀಮ ಖಾಡಿಯ ಸೇತುವಿ ದಾಟೂ ಮುಂದ ನೀರೆಲ್ಲಾ ಬೆಳ್ಳಿ, ಗಾಳಿಗೆ ಹುಡುಗಿ ಕೂದಲು ಹಾರಿ ಹಾರಿ, ಎದುರಿಗೆ ಕೂತ ಹುಡುಗ ಕಿಟಕಿ ನೋಡಿಧಂಗ ಮಾಡಿ ಆಕಿನ್ನ ನೋಡಿಕೋತ... ನನಗೂ ಜೋಂಪು ಹತ್ತಿಧಂಗಾತು. ಅಂಧೇರಿ ದಾಟಿದ ಮ್ಯಾಲೆ ಅವನ ತಾಯಿ ಮೆತ್ತಗ ಅಂದ್ಲು, "ಚಿಲಕಾ ತಗಿಯೂದು ನನಗೂ ಕಲಿಸವಾ. ಅವಸರಿಲ್ಲ, ಮನೀಗೆ ಬಂದಮ್ಯಾಲೆ ಕಲಿಸಿದ್ರೂ ನಡೀತದ."

ಆಮ್ಯಾಲೆ

ಅಪ್ಪ ಅಕ್ಕಿಕಾಳು ಹಾಕಿದ್ರು, ಮೊಮ್ಮಗನ್ನೂ ಎತ್ತಿ ಆಡಿಸಿದ್ರು. ಮಾಸ್ತರರು ಮದಿವಿಯೊಳಗ ಮೊದಲ ಪಂಕ್ತಿಗೆ ಕೂತು ಚಕ್ಕಲಿ ಕಟಕಟ ಕಡದ್ರು. ಹೋಟೆಲಿನಾಕಿ ಹರಿಕಥಿಗೆ ಬರೂತನಕಾ ದಾಸರು ಕಥೀನ ಸುರು ಮಾಡತಿದ್ದಿಲ್ಲ. ಅವರಿಗೂ ಅಡಿಕಿ ರುಚಿ ಹತ್ತಿತ್ತು. ಅಜ್ಜಿ ಮೊಸಳಿನ್ನ ಒಳಗ ಬಿಡಲೇ ಇಲ್ಲ, ಆದ್ರ ಮದಿವಿ ದಿನಾ ಆ ಗೂಟಕ್ಕ ಅರಿಷಿಣ ಕುಂಕುಮ ಹಚ್ಚಿದ್ಲು.

ಆ ಚೀಲಾ? ಅದು ಸೊಸಿ ಜೋಡಿ ಬೊರಿವಲಿಗೆ ಹೋತು. ವಯಸ್ಸಾದಮ್ಯಾಲೆ ಅತ್ತಿ ಬಾಯಿ ಬೋಳಾಗಿ, ಆಕೀನೂ ಸೆಟ್ಟು ಮಾಡಿಸಿದ್ಲು. ಊಟಾ ಆತಂದ್ರ ತಗದು ಸೊಸಿ ಚೀಲದಾಗ ಇಡತಿದ್ಲು.

ಪಾಪ, ಎಷ್ಟೋ ವರ್ಷಕ್ಕ ಮೊಸಳಿಗೆ ತಿರಗಿ ಹಲ್ಲು ಬಂದುವು ನೋಡು.