ನಂಬಿಕೆ ವಿಭಾಗದಲ್ಲಿ ಒಂದು ಖಾಲಿ ಜಾಗ

ಮನುಷ್ಯನಿಗೆ ರಕ್ಷಣೆ ದೊರೆಯುವುದು ನಂಬಿಕೆಯಿಂದಲೋ ಸತ್ಕ್ರಿಯೆಯಿಂದಲೋ ಎಂಬ ಪ್ರಶ್ನೆಯನ್ನು ಕ್ರೈಸ್ತ ಸಭೆಯ ಸ್ಮಶಾನ ನಿರ್ವಹಣಾ ಸಮಿತಿಯು ವಿಶೇಷ ಕೂಟದಲ್ಲಿ ಕೂಲಂಕಷವಾಗಿ ಪರಿಶೀಲಿಸಿ, ಎರಡೂ ಸರಿ, ಆದರೆ ಅಕ್ಕಪಕ್ಕದಲ್ಲಿ ಅಲ್ಲ ಎಂದು ತೀರ್ಮಾನಿಸಿತು.

ಸಭೆಯಲ್ಲಿ ಹಿಂದಿನಿಂದಲೂ ಎರಡು ಪಕ್ಷಗಳಿದ್ದವು. ದೇವರ ಕೃಪೆಯನ್ನು ನಂಬಿದರೆ ಸಾಕು, ಮಿಕ್ಕಿದ್ದೆಲ್ಲ ತೋರಿಕೆ ಎನ್ನುವವರ ಮುಖಂಡರು ಬೇಕರಿಯವರು. ಕೈಯಲ್ಲಿ ಕಾಣದ ನಂಬಿಕೆ ಬರೀ ಬಾಯಿಮಾತು ಎನ್ನುವವರ ಮುಖಂಡ ಗಾರೆ ಮೇಸ್ತ್ರಿ. ಎರಡೂ ಕಡೆ ಬೈಬಲಿನ ವಚನಗಳು ಬೇಕಾದಷ್ಟಿದ್ದವು. ಪಾದ್ರಿಗಳು ಇಬ್ಬರನ್ನೂ ಆಶೀರ್ವದಿಸಿ, ಗಂಟಲು ನೋವೆಂದು ಮನೆಗೆ ಹೋಗುವುದು ವಾಡಿಕೆ. ಕೊನೆಯ ದಿನ ಸತ್ತವರನ್ನೆಬ್ಬಿಸುವ ಕಹಳೆ ಊದಿದಾಗ ಎರಡು ಪಕ್ಷದವರೂ ಒಂದೇ ನೆಲದಿಂದ ಒಟ್ಟಿಗೆ ಎದ್ದರೆ ವಾದ ಮತ್ತೆ ಶುರುವಾಗಿ ಪರಲೋಕದ ಬಾಗಿಲಲ್ಲಿ ನೂಕುನುಗ್ಗಲು ಆಗಬಹುದು ಎಂಬ ಆತಂಕ ಸಮಿತಿಗೆ ಇತ್ತು. ಆದ್ದರಿಂದ ಸ್ಮಶಾನವನ್ನು ಇಬ್ಭಾಗ ಮಾಡಲಾಯಿತು. ಮರಗಳಿದ್ದ ಎತ್ತರದ ಬದಿ ನಂಬಿಕೆ ವಿಭಾಗ, ಮೋರಿಯ ಕಡೆಗೆ ಇಳಿಜಾರಾಗಿದ್ದ ಬದಿ ಸತ್ಕ್ರಿಯಾ ವಿಭಾಗ. ನಡುವೆ ಗೋಡೆ ಕಟ್ಟುವ ಕೆಲಸವನ್ನು ಸಹಜವಾಗಿಯೇ ಸತ್ಕ್ರಿಯಾ ಪಕ್ಷಕ್ಕೆ ವಹಿಸಲಾಯಿತು. ಗೋಡೆ ಏಳುತ್ತದೆಂದು ನಂಬಿಕೆ ಪಕ್ಷದವರು ನಂಬಿದರು. ಹೀಗೆ ಉಭಯ ಪಕ್ಷಗಳ ಸಹಕಾರದಿಂದ ಗೋಡೆ ಎದ್ದು ನಿಂತಿತು.

ಯಾರು ಯಾವ ಬದಿ ಎಂಬುದನ್ನು ದೇವಾಲಯದ ಹೊರಗೋಡೆಯ ಮೇಲೆ ಪ್ರಕಟಿಸಿದ ಭಾನುವಾರ ದರ್ಜಿಯಮ್ಮ ತಡವಾಗಿ ಬಂದಳು. ಅವಳು ಬರುವುದೇ ತಡವಾಗಿ, ಬಂದರೆ. ಗಡಿಯಾರ ರಿಪೇರಿಯವನ ತಾಯಿ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಮುದುಕಿಯ ಮೈ ಒರೆಸಿ, ತಲೆ ಬಾಚಿ, ಹಾಲು ಕುಡಿಸಿ ಬರುವಷ್ಟರಲ್ಲಿ ಕಡೆಯ ಹಾಡು ಮುಗಿದಿರುತ್ತಿತ್ತು. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಅವಳು, ಯಾರು ಹೆತ್ತರೂ ಅವಳು, ಯಾರು ಸತ್ತರೂ ಕೊನೆಯ ಬಟ್ಟೆ ಹೊಲಿದು ತೊಡಿಸುವವಳು ಅವಳೇ. ಸಮಿತಿಯು ಹೆಚ್ಚು ತಲೆ ಕೆಡಿಸಿಕೊಳ್ಳದೆ ಅವಳನ್ನು ಮೋರಿಯ ಬದಿಗೆ ಹಾಕಿತ್ತು.

ಅವಳ ಗಂಡನಾದರೋ ತೀರಿಕೊಂಡು, ಆಗಲೇ ಮೇಲಿನ ಬದಿಯಲ್ಲಿ ಮಲಗಿದ್ದರು. ಬದುಕಿದ್ದಾಗ ಅವರನ್ನು ಎಲ್ಲರೂ ಆಮೆನ್ ಯಜಮಾನರು ಎನ್ನುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂತು ಅವರು ಹೇಳುತ್ತಿದ್ದ ಆಮೆನ್‌ಗೆ ಕಿಟಕಿಯ ಗಾಜು ಗುಂಯ್‌ಗುಡುತ್ತಿತ್ತು. ಅದನ್ನು ಬಿಟ್ಟರೆ ಜೀವಮಾನದಲ್ಲಿ ಒಂದು ಕಡ್ಡಿ ಎತ್ತಿ ಆಚೆ ಇಟ್ಟವರಲ್ಲ. ಅವರ ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗ ಖಾಲಿ ಇತ್ತು. ದರ್ಜಿಯಮ್ಮ ಅದರ ಕಳೆ ಕಿತ್ತು, ತನ್ನದೇ ಎಂದುಕೊಂಡು ಇಟ್ಟಿದ್ದಳು.

ಅವಳು ನೇರವಾಗಿ ಸಮಿತಿಯ ಕಾರ್ಯದರ್ಶಿಯ ಬಳಿ ಹೋದಳು. ಆತ ಅವಳ ಸ್ವಂತ ಮೈದುನ, ಆಮೆನ್ ಯಜಮಾನರ ತಮ್ಮ. ಉಪನಿಯಮ ಬರೆಯುವುದರಲ್ಲಿ ಎತ್ತಿದ ಕೈಯಾದ್ದರಿಂದ ಬೈಲಾ ಎಂದೇ ಹೆಸರಾಗಿದ್ದ.

"ಅತ್ತಿಗೆ, ನಿಯಮ ನನ್ನದಲ್ಲ. ಬರೆದದ್ದು ಮಾತ್ರ ನಾನು," ಎಂದ ಬೈಲಾ.

"ನನಗೂ ನಂಬಿಕೆ ಇದೆಯಪ್ಪ."

"ಇರಬಹುದು. ಆದ್ರೆ ಅದು ಕಾಣೋದು ಹೇಗೆ? ಯಾವಾಗ ನೋಡಿದ್ರೂ ಏನಾದ್ರೂ ಒಳ್ಳೇದು ಮಾಡ್ತಾ ಇರ್ತೀರಿ. ಆ ಗದ್ದಲದಲ್ಲಿ ನಂಬಿಕೆ ಇದೆಯೋ ಇಲ್ವೋ ಸಮಿತಿಗೆ ಹೇಗೆ ಗೊತ್ತಾಗಬೇಕು? ಅಣ್ಣನ್ನ ನೋಡಿ. ಏನೂ ಮಾಡಲಿಲ್ಲ. ಎಷ್ಟು ನಿಚ್ಚಳವಾಗಿ ಕಾಣಿಸ್ತಿತ್ತು."

ಅವಳಿಗೆ ಮೋರಿಯ ಬಗ್ಗೆ ಅಸಹ್ಯವೂ ಇರಲಿಲ್ಲ, ಮರದ ನೆರಳಿನ ಆಸೆಯೂ ಇರಲಿಲ್ಲ. ಅವಳಿಗೆ ಬೇಕಾಗಿದ್ದುದು ಬೇರೆ. ರೋಗಿಗಳ ಮನೆಯಿಂದ ಅವಳು ಎಷ್ಟು ಹೊತ್ತಿಗೆ ಹಿಂದಿರುಗಿದರೂ ಜಗುಲಿಯಲ್ಲಿ ದೀಪ ಉರಿಯುತ್ತಿತ್ತು, ಬೆತ್ತದ ಕುರ್ಚಿಯಲ್ಲಿ ಯಜಮಾನರು ಕೂತಿರುತ್ತಿದ್ದರು. "ಬಂದೆಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಮಲಗುತ್ತಿದ್ದರು. ಆ ದೀಪವೊಂದನ್ನು ಮಾತ್ರ ತಾವೇ ಹಚ್ಚುತ್ತಿದ್ದರು, ಹಚ್ಚಿದಾಗಲೆಲ್ಲ ಬೆರಳು ಸುಟ್ಟುಕೊಳ್ಳುತ್ತಿದ್ದರು. ಆ ಸುಟ್ಟ ಬೆರಳಿನ ಮನುಷ್ಯನನ್ನು ಗೋಡೆಯ ಆಚೆ ಕಾಯಿಸುವುದು ಅವಳಿಂದ ಸಾಧ್ಯವಿರಲಿಲ್ಲ. ಸತ್ತ ಮೇಲೂ ತಡ ಮಾಡಿದೆ ಎನ್ನಿಸಿಕೊಳ್ಳುವುದು ಯಾವ ಹೆಂಡತಿಗೆ ಬೇಕು?

ಬೈಲಾ ಕಟುಕನಲ್ಲ. ಅತ್ತಿಗೆಯ ಮುಖ ನೋಡಲಾರದೆ ಅವನು ಅಲ್ಲೇ ಒಂದು ಹೊಸ ಉಪನಿಯಮ ಬರೆದ. ಅದರ ಪ್ರಕಾರ ವಿಭಾಗ ಬದಲಾವಣೆ ಬಯಸುವ ಸದಸ್ಯರು ವಾರ್ಷಿಕ ಮಹಾಸಭೆಯವರೆಗೆ 'ಸತ್ಕ್ರಿಯಾ ವಿರಾಮ'ದಲ್ಲಿರತಕ್ಕದ್ದು. ಸದರಿ ಅವಧಿಯಲ್ಲಿ ಪರೋಪಕಾರ, ಶುಶ್ರೂಷೆ, ಸಾಂತ್ವನ ಮತ್ತು ತತ್ಸಮಾನ ಕೃತ್ಯಗಳಲ್ಲಿ ತೊಡಗತಕ್ಕದ್ದಲ್ಲ. ಪಾಲನೆಯನ್ನು ಸಮಿತಿಯ ಸದಸ್ಯರು ಸರದಿಯಂತೆ ಅರ್ಜಿದಾರರ ಜಗುಲಿಯಲ್ಲಿ ಕುಳಿತು ವೀಕ್ಷಿಸತಕ್ಕದ್ದು.

ಮರುದಿನದಿಂದ ದರ್ಜಿಯಮ್ಮ ಗಂಡನ ಬೆತ್ತದ ಕುರ್ಚಿಯಲ್ಲಿ ಕೂತಳು. ಎದುರಿನ ಸ್ಟೂಲಿನಲ್ಲಿ ವೀಕ್ಷಕರು ಕೂತರು. ಎದುರುಮನೆಯ ತಂತಿಯಿಂದ ಬಿದ್ದ ಟವೆಲ್ಲನ್ನು ಅವಳು ಎತ್ತಿಕೊಟ್ಟದ್ದು ಅಭ್ಯಾಸಬಲದಿಂದಾದ ಲೋಪವೆಂದು ಮನ್ನಿಸಲಾಯಿತು. ಬಿಸಿಲಲ್ಲಿ ಬಂದ ಅಂಚೆಯವನಿಗೆ ನೀರು ಕೊಟ್ಟದ್ದಕ್ಕೆ ಎಚ್ಚರಿಕೆ ನೀಡಲಾಯಿತು. ಆಮೇಲೆ ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಳು. ಸಂಜೆಯ ಹೊತ್ತಿಗೆ ಸೊಂಟ ಬಿದ್ದುಹೋಗುತ್ತಿತ್ತು. ಈ ಕೆಲಸವನ್ನು ಯಜಮಾನರು ಅಷ್ಟು ವರ್ಷ ಒಂದು ದಿನವೂ ರಜೆ ಹಾಕದೆ ಹೇಗೆ ಮಾಡಿದರೋ ಎಂದು ಅವಳಿಗೆ ಮೊದಲ ಬಾರಿ ಗಂಡನ ಮೇಲೆ ಗೌರವ ಬಂತು.

ಆದರೆ ಬೀದಿಗೆ ಉಪನಿಯಮ ತಿಳಿಯದು. ಗಡಿಯಾರದವನು ಬಂದು, ಅಮ್ಮ ನಿನ್ನೆಯಿಂದ ಹಾಲು ಮುಟ್ಟಿಲ್ಲ, ನಿಮ್ಮನ್ನೇ ಕೇಳ್ತಾ ಇದಾಳೆ ಎಂದ. ದರ್ಜಿಯಮ್ಮ ಏಳಹೊರಟಳು. ಅಂದಿನ ವೀಕ್ಷಕರಾದ ಬೇಕರಿಯವರು ಕೆಮ್ಮಿದರು. ಅವಳು ಕೂತಳು, ಮತ್ತೆ ಎದ್ದಳು. ಬೇಕರಿಯವರಿಗೂ ಸಂಕಟವಾಯಿತು. ಬೇಕಿದ್ದರೆ ಪ್ರಾರ್ಥನೆ ಮಾಡಬಹುದು, ಪ್ರಾರ್ಥನೆ ಪೂರ್ತಿಯಾಗಿ ನಂಬಿಕೆಯ ವ್ಯಾಪ್ತಿಗೆ ಬರುತ್ತದೆ, ಅದಕ್ಕೆ ಸಮಿತಿಯ ಅಡ್ಡಿಯಿಲ್ಲ ಎಂದರು.

ದರ್ಜಿಯಮ್ಮ ಕಣ್ಣು ಮುಚ್ಚಿ, ಬೀದಿಗೆ ಕೇಳುವಂತೆ ಪ್ರಾರ್ಥಿಸಿದಳು.

"ಕರ್ತನೇ, ಗಡಿಯಾರದವನ ತಾಯಿಗೆ ಬ್ರೆಡ್ಡನ್ನ ಹಾಲಲ್ಲಿ ನೆನೆಸಿ ತಿನ್ನಿಸೋ ಮನಸ್ಸನ್ನ ನಮ್ಮ ಬೇಕರಿಯವರಿಗೆ ಕೊಡು. ಅಂಚು ಕತ್ತರಿಸಿರಲಿ ಸ್ವಾಮಿ, ಅವಳಿಗೆ ಹಲ್ಲಿಲ್ಲ. ಹಾಲು ತುಂಬಾ ಬಿಸಿ ಬೇಡ. ತಲೆ ಸ್ವಲ್ಪ ಎತ್ತಿ ಹಿಡೀಲಿ, ಇಲ್ಲದಿದ್ರೆ ನೆತ್ತಿಗೆ ಹತ್ತುತ್ತೆ."

"ಆಮೆನ್," ಎಂದರು ಬೇಕರಿಯವರು, ಅಭ್ಯಾಸಬಲದಿಂದ. ಆಮೆನ್ ಎಂದ ಮೇಲೆ ಸುಮ್ಮನೆ ಕೂರುವುದು ಚೆನ್ನಾಗಿರುವುದಿಲ್ಲ. ಅವರು ಎದ್ದು ಹೋದರು. ಸಂಜೆ ಹಿಂದಿರುಗಿ, ಪ್ರಾರ್ಥನೆಗೆ ಉತ್ತರ ದೊರಕಿದೆ ಎಂದು ವರದಿ ಮಾಡಿದರು. ಅಂಗಿಯ ತುಂಬ ಹಾಲು ಚೆಲ್ಲಿತ್ತು.

ಅಲ್ಲಿಂದ ಮುಂದೆ ದರ್ಜಿಯಮ್ಮನ ನಂಬಿಕೆ ಬೆಳೆಯುತ್ತಾ ಹೋಯಿತು. ಮುದುಕಿಗೆ ಬೆನ್ನುಹುಣ್ಣಾಗದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸುವ ಶಕ್ತಿಯನ್ನು ಸಮಿತಿಯ ಖಜಾಂಚಿಗೆ ಕೊಡಬೇಕೆಂದು ಬೇಡಿದಳು, ಕೊಡಲಾಯಿತು. ಮೂಲೆಮನೆಯ ಬಾಣಂತಿಯ ಕೂಸನ್ನು ಮಧ್ಯಾಹ್ನ ಎತ್ತಿಕೊಳ್ಳಲು ಉಪಾಧ್ಯಕ್ಷರ ಹೃದಯವನ್ನು ಕರಗಿಸೆಂದು ಬೇಡಿದಳು, ಕರಗಿತು. ಮುದುಕಿಯ ತಲೆ ಬಾಚುವ ಕೃಪೆ ಬೈಲಾನ ಪಾಲಿಗೆ ಬಂತು. ಅವನು ಹಾಕಿದ ಜಡೆ ಎಡಗಿವಿಯ ಮೇಲಿಂದ ಹೊರಟು ಎಲ್ಲೆಲ್ಲೋ ಹೋಗಿತ್ತಂತೆ. ಮುದುಕಿ ಕನ್ನಡಿ ತರಿಸಿ ನೋಡಿಕೊಂಡು, ಬಹಳ ದಿನಗಳ ಮೇಲೆ ನಕ್ಕಳಂತೆ. ಮರುದಿನದ ಪ್ರಾರ್ಥನೆಯಲ್ಲಿ ದರ್ಜಿಯಮ್ಮ ಕೂದಲನ್ನು ಮೂರು ಸಮಭಾಗ ಮಾಡುವ ವಿವೇಕವನ್ನೂ ಸೇರಿಸಿ ಬೇಡಿದಳು.

ಸಮಿತಿಯ ಸದಸ್ಯರು ಮಾಡುತ್ತಿದ್ದುದು ಸತ್ಕ್ರಿಯೆಯೇ ಎಂಬ ಸಂಶಯ ಮಧ್ಯದಲ್ಲಿ ಎದ್ದದ್ದು ನಿಜ. ಅದು ಸತ್ಕ್ರಿಯೆಯಲ್ಲ, ವೀಕ್ಷಣಾ ಕರ್ತವ್ಯದ ಮುಂದುವರಿದ ಭಾಗ ಎಂದು ಬೈಲಾ ವಿವರಣೆ ಹೊರಡಿಸಿದ. ವಿವರಣೆಯನ್ನು ಓದಿ ಹೇಳುವಾಗ ಅವನ ಜೇಬಿನಲ್ಲಿ ಬಾಚಣಿಗೆ ಇತ್ತು.

ಮಹಾಸಭೆ ಸೇರಿತು. ಬೇಕರಿಯವರು ಎದ್ದು ನಿಂತು, ಇಷ್ಟೊಂದು ಪ್ರಾರ್ಥನೆಗಳಿಗೆ, ಅದೂ ಅದೇ ದಿನ, ಉತ್ತರ ದೊರೆತ ಉದಾಹರಣೆ ಈ ಸಭೆಯ ಚರಿತ್ರೆಯಲ್ಲೇ ಇಲ್ಲವೆಂದು ಗದ್ಗದಿತರಾಗಿ ನುಡಿದರು. ದರ್ಜಿಯಮ್ಮನನ್ನು ನಂಬಿಕೆ ವಿಭಾಗಕ್ಕೆ ಸರ್ವಾನುಮತದಿಂದ ಸೇರಿಸಲಾಯಿತು.

ಆಗ ಮೇಸ್ತ್ರಿ ಎದ್ದ. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಯಸಿದವನಲ್ಲ. ಅವನದೊಂದು ನ್ಯಾಯದ ಮಾತಿತ್ತು.

"ನಾನು ಕೆಲಸ ಮುಗಿಸಿ ಕತ್ತಲಲ್ಲಿ ಬರ್ತಿದ್ದಾಗ ಆಮೆನ್ ಯಜಮಾನರ ಜಗುಲೀಲಿ ದಿನಾ ದೀಪ ಇರ್ತಿತ್ತು. ಆ ಬೆಳಕಲ್ಲೇ ನಾನು ಬೀದೀಲಿರೋ ಆ ಗುಂಡಿ ದಾಟ್ತಿದ್ದೆ. ನಾನೊಬ್ಬನೇ ಅಲ್ಲ, ಬೀದಿಯೋರೆಲ್ಲಾ. ಅಲ್ಲಾ ಸ್ವಾಮಿ, ಅದನ್ನ ಹಚ್ಚಿದ್ದು ಅವರೇ ಆಗಿದ್ರೆ ಅದು ಸತ್ಕ್ರಿಯೆ ತಾನೇ? ಅವರ ಪುಣ್ಯ ಅವರಿಗೆ ಸಿಗದೇ ಹೋಗಬಾರದು. ಅವರನ್ನ ನಮ್ಮ ಬದೀಗೆ ಕೊಟ್ಟುಬಿಡಿ. ಅಗೆಯೋ ಕೆಲಸ ನಾನೇ ಮಾಡ್ತೀನಿ."

ಸಭೆಯಲ್ಲಿ ಮೆಚ್ಚುಗೆಯ ಗುಸುಗುಸು ಎದ್ದಿತು. ದರ್ಜಿಯಮ್ಮ ಮೇಲೆ ಹತ್ತುವಷ್ಟರಲ್ಲಿ ಯಜಮಾನರನ್ನು ಕೆಳಗಿಳಿಸಲು ಹೊರಟಿದ್ದರು. ಬೈಲಾ ಗಂಟಲು ಸರಿಮಾಡಿಕೊಂಡು ಅತ್ತಿಗೆಯ ಕಡೆ ತಿರುಗಿದ. ಕಾಯುವುದು ನಂಬಿಕೆಗೆ ಸೇರಿದ್ದು, ಅದರಲ್ಲಿ ಅನುಮಾನವಿಲ್ಲ, ಆದರೆ ದೀಪ ಹಚ್ಚುವುದು ಕ್ರಿಯೆ ಎಂದು ವಿವರಿಸಿದ. ಆದ್ದರಿಂದ ಪ್ರಶ್ನೆ ಒಂದೇ.

"ದೀಪ ಹಚ್ತಿದ್ದೋರು ಯಾರು ಅತ್ತಿಗೆ?"

ಇಡೀ ಸಭೆ ಅವಳನ್ನೇ ನೋಡಿತು. ಅವಳು ಈ ದೇವಾಲಯದಲ್ಲಿ ಒಂದು ಸುಳ್ಳೂ ಹೇಳಿದವಳಲ್ಲ. ಹೇಳುವುದಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ. ಅವಳಿಗೆ ಯಜಮಾನರ ಹೆಬ್ಬೆರಳು ನೆನಪಾಯಿತು, ಅದರ ತುದಿಯಲ್ಲಿ ಎಂದೂ ಮಾಯದೆ ಉಳಿದ ಬೊಬ್ಬೆ ನೆನಪಾಯಿತು. ಕೊನೆಯ ಬಟ್ಟೆ ತೊಡಿಸಿದ ದಿನ ಅವಳು ಆ ಬೆರಳನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದಳು.

"ಅವರಾ? ದೀಪಾನಾ?" ಎಂದಳು ದರ್ಜಿಯಮ್ಮ. "ಅವರಿಗೆ ಮನೇಲಿ ಬೆಂಕಿಪೊಟ್ಟಣ ಎಲ್ಲಿರುತ್ತೆ ಅಂತಾನೂ ಗೊತ್ತಿರಲಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಆಮೆನ್ ಯಜಮಾನರನ್ನು ಬಲ್ಲವರೆಲ್ಲ ಹೌದೆಂದು ತಲೆದೂಗಿದರು. ಮೇಸ್ತ್ರಿ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡು, ಮೃತರ ಹೆಸರಿಗೆ ಸತ್ಕ್ರಿಯೆಯ ಕಳಂಕ ಹಚ್ಚಿದ್ದಕ್ಕೆ ಕ್ಷಮೆ ಕೋರಿದ. ಮೃತರು ಯಾವುದೇ ಒಳ್ಳೆಯ ಕೆಲಸ ಮಾಡಿರುವುದಕ್ಕೆ ಆಧಾರವಿಲ್ಲವೆಂದು ನಿರ್ಣಯವಾಯಿತು.

ಆದರೆ ಮೇಸ್ತ್ರಿಗೆ ಇನ್ನೊಂದು ನ್ಯಾಯದ ಮಾತು ಉಳಿದಿತ್ತು. ಬೇಕರಿಯವರು ಬ್ರೆಡ್ಡು ತಿನ್ನಿಸಿದ್ದು, ಖಜಾಂಚಿ ಹೊರಳಿಸಿದ್ದು, ಉಪಾಧ್ಯಕ್ಷರು ಕೂಸು ಎತ್ತಿದ್ದು, ಬೈಲಾ ಜಡೆ ಹಾಕಿದ್ದು ಎಲ್ಲವನ್ನೂ ಬೀದಿ ಕಣ್ಣಾರೆ ಕಂಡಿತ್ತು. ಕರ್ತವ್ಯದ ಅವಧಿ ಮುಗಿದ ಮೇಲೂ ಅವರು ಹೋಗುತ್ತಲೇ ಇದ್ದರು ಎಂಬುದಕ್ಕೆ ಸ್ವತಃ ಮುದುಕಿಯೇ ಸಾಕ್ಷಿ. ಬೈಲಾ ತಾನೇ ಬರೆದ ಉಪನಿಯಮವನ್ನು ಎರಡು ಸಲ ಓದಿ ನೋಡಿದ. ಎಲ್ಲೂ ಸಂದು ಇರಲಿಲ್ಲ, ಅಷ್ಟು ಚೆನ್ನಾಗಿ ಬರೆದಿದ್ದ. ಸಮಿತಿಯನ್ನು ಇಡಿಯಾಗಿ ಮೋರಿಯ ಬದಿಗೆ ವರ್ಗಾಯಿಸಲಾಯಿತು. ಮೋರಿಯನ್ನು ಹೂಳೆತ್ತಿಸಿದರೆ ಜಾಗ ಅಷ್ಟೇನೂ ಕೆಟ್ಟದ್ದಲ್ಲ ಎಂಬ ಅಭಿಪ್ರಾಯ ಅಂದೇ ವ್ಯಕ್ತವಾಯಿತು, ಹೂಳೆತ್ತುವ ಕೆಲಸ ಮರುದಿನವೇ ಶುರುವಾಯಿತು. ಪಾದ್ರಿಗಳು ಬಂದು ಕೆಲಸವನ್ನು ಆಶೀರ್ವದಿಸಿದರು. ಅವರ ಗಂಟಲು ವಾಸಿಯಾಗಿತ್ತು.

ಆ ಸಂಜೆ ದರ್ಜಿಯಮ್ಮ ಮೇಲಿನ ಬದಿಗೆ ಹೋಗಿ, ತನ್ನ ಖಾಲಿ ಜಾಗದಲ್ಲಿ ಕಾಲು ಚಾಚಿ ಕೂತಳು. ಅಷ್ಟು ದಿನ ತೊಡೆಯ ಕೆಳಗಿದ್ದ ಕೈಗಳು ಸುಮ್ಮನಿರಲಿಲ್ಲ. ಪಕ್ಕದ ಯಾರದೋ ಗೋರಿಯ ಕಳೆ ಕೀಳತೊಡಗಿದವು. ಬುಟ್ಟಿ ಹಿಡಿದು ಮೋರಿಯಿಂದ ಬರುತ್ತಿದ್ದ ಬೈಲಾ ಗೋಡೆಯ ಮೇಲಿಂದ ಇಣುಕಿದ.

"ಅತ್ತಿಗೆ, ಅದು ಸತ್ಕ್ರಿಯೆ ಆಗಲ್ವಾ?"

"ಪ್ರಾರ್ಥನೆ ಕಣಪ್ಪಾ."

ಅವನು ಸರಿ ಎನ್ನುವಂತೆ ತಲೆಯಾಡಿಸಿ, ಮುದುಕಿಗೆ ಜಡೆ ಹಾಕಲು ಹೊತ್ತಾಯಿತೆಂದು ಹೊರಟುಹೋದ.

ಅವನ ಹೆಜ್ಜೆಯ ಸದ್ದು ದೂರವಾದ ಮೇಲೆ ದರ್ಜಿಯಮ್ಮ ಗಂಡನ ಕಡೆ ಬಾಗಿದಳು. "ದೀಪದ ವಿಷಯ ನಾನು ಬಾಯಿ ಬಿಟ್ಟಿಲ್ಲ. ಕಹಳೆ ಊದಿದ ದಿನ ಯಾರಾದ್ರೂ ಕೇಳಿದ್ರೆ ನೀವೂ ಬಿಡಬೇಡಿ. ಬೆರಳು ಮಾತ್ರ ಜೇಬಲ್ಲಿ ಇಟ್ಕೊಳ್ಳಿ."